ಅವನ ಹೆಸರಿದ್ದ ಮೇಲ್‌ಗಳು

ಎಲ್ಲರೂ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ನಾನು ಎರಡು ಲೋಟ ಕಾಫಿ ಮಾಡಿದೆ. ಮೂರನೆಯ ಲೋಟಕ್ಕೆ ಕೈ ಹೋಗುತ್ತದೆ ಎಂದು ಕಾದೆ. ಹೋಗಲಿಲ್ಲ.

ಅಂತ್ಯಕ್ರಿಯೆ ಬುಧವಾರ ಬೆಳಿಗ್ಗೆ ಮುಗಿದಿತ್ತು. ಗುರುವಾರ ಸಂಜೆ ಕೊನೆಯ ನೆಂಟರನ್ನು ಬಸ್ಸಿಗೆ ಹತ್ತಿಸಿ ಬಂದಿದ್ದೆ. ಶುಕ್ರವಾರ ಎಂದಿನಂತೆ ಹಾಲು ಬಂತು, ಪೇಪರ್ ಬಿತ್ತು, ಪಕ್ಕದ ಮನೆಯವರು ಗೇಟನ್ನು ದಡಾರನೆ ಎಳೆದುಕೊಂಡು ಕೆಲಸಕ್ಕೆ ಹೋದರು. ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ನನ್ನ ಗಂಡನ ಮೇಲ್ ಸರ್ವರ್, ಮನೆಯ ಮೇಲ್‌ಗಳೆಲ್ಲ ಬಂದು ಸೇರುವ ಸಣ್ಣ ಕಂಪ್ಯೂಟರ್, ಗುಂಯ್ ಎನ್ನುತ್ತಿತ್ತು.

ಕಪಾಟಿನ ಪಕ್ಕದ ಗೂಟಕ್ಕೆ ಕಂದು ಬಣ್ಣದ ಒಂದು ಸ್ವೆಟರ್ ನೇತುಹಾಕಿದ್ದೆ. ಮುಂದೆ ಗುಂಡಿಗಳಿರುವಂಥದ್ದು. ಆಸ್ಪತ್ರೆಯವರು ಅವನ ಬಟ್ಟೆಗಳ ಜೊತೆ ಚೀಲದಲ್ಲಿ ಹಾಕಿ ಕೊಟ್ಟಿದ್ದರು. ಅದು ಅವನದಲ್ಲ. ಎರಡೂ ತೋಳುಗಳನ್ನು ಎರಡೆರಡು ಸುತ್ತು ಮಡಿಸಲಾಗಿತ್ತು. ಆ ಮೂಲೆಗೆ ಬೆಳಕು ಕಡಿಮೆ. ಅಡುಗೆಮನೆಯಿಂದ ನೋಡಿದರೆ ಯಾರೋ ಗೋಡೆಗೆ ಮುಖ ಮಾಡಿ ನಿಂತಂತೆ ಕಾಣುತ್ತಿತ್ತು.

"ಅದನ್ನ ತೆಗೆದು ಎಲ್ಲಾದ್ರೂ ಇಡೇ," ಎಂದರು ಅತ್ತೆ. "ನನ್ನ ಮಗನ ಬಟ್ಟೆ ನನಗೆ ಗೊತ್ತಾಗಲ್ವಾ? ಯಾರದ್ದೋ ಏನೋ. ನೋಡಿದಾಗೆಲ್ಲ ಎದೆ ಧಸಕ್ ಅನ್ನುತ್ತೆ."

"ಇಡ್ತೀನಿ ಅತ್ತೆ," ಎಂದೆ. ಇಡಲಿಲ್ಲ.

ಅದು ಯಾರದಿರಬಹುದು ಎಂದು ನನಗೊಂದು ಊಹೆ ಇತ್ತು. ಸೋಮವಾರ ಅವನು ಸರ್ವರ್‌ಗೆ ಹೊಸ ಡಿಸ್ಕ್ ತರುತ್ತೇನೆಂದು ಹೊರಟು, ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಸತ್ತ. ಹೃದಯ ನಿಂತಿತು ಎಂದರು. ಆಂಬ್ಯುಲೆನ್ಸ್‌ನ ನರ್ಸ್ ನನಗೆ ಹೇಳಿದ್ದು ಇಷ್ಟು: "ಪಕ್ಕದಲ್ಲಿ ಒಬ್ಬರು ಹಿರಿಯರು ಕೈ ಹಿಡ್ಕೊಂಡು ಕೂತಿದ್ರು. ನಾವು ಬರೋವರೆಗೂ ಇಬ್ಬರೂ ಏನೋ ಮಾತಾಡ್ತಿದ್ರಂತೆ. ನಿಮ್ಮ ಮೇಲ್ ವಿಳಾಸ ಅವರ ಹತ್ರ ಇದೆಯಂತೆ. ಬರೀತೀನಿ ಅಂದ್ರು."

ಬೇರೆಯವರಾಗಿದ್ದರೆ ಫೋನ್ ನಂಬರ್ ಕೊಡುತ್ತಿದ್ದರು. ನನ್ನ ಗಂಡ ಸಾಯುವಾಗಲೂ ಮೇಲ್ ವಿಳಾಸವನ್ನೇ ಕೊಟ್ಟಿದ್ದ. ಅದು ಅವನ ಜಂಬ. ಮನೆಯ ಮೂವರಿಗೂ ಅವನದೇ ಸರ್ವರ್‌ನಲ್ಲಿ ವಿಳಾಸ. "ನಮ್ಮನೆ ಕಾಗದ ಊರೋರ ಮನೆಗೆ ಹೋಗಿ ಯಾಕೆ ಬರಬೇಕು?" ಎನ್ನುತ್ತಿದ್ದ.

ಅವನು ಕೊನೆಗೆ ಏನು ಮಾತಾಡಿದ? ನನಗೆ ಬೇಕಾಗಿದ್ದದ್ದು ಅದೊಂದೇ. ಆ ಮೇಲ್ ಬರಬೇಕಿತ್ತು. ಬಂದಿರಲಿಲ್ಲ.

ಮೇಲ್‌ಗಳೇ ಬರುತ್ತಿರಲಿಲ್ಲ ಎಂದಲ್ಲ. ವಿದ್ಯುತ್ ಬಿಲ್ಲು ಬಂತು. ಚಪ್ಪಲಿ ಅಂಗಡಿಯ ರಿಯಾಯಿತಿ ಬಂತು. ನಾನು ಕೆಲಸ ಮಾಡುವ ನೀರಿನ ಪ್ರಯೋಗಾಲಯದಿಂದ ಬಾಟಲಿಗಳ ಲೆಕ್ಕ ಬಂತು. ಅವನು ಸತ್ತ ಸುದ್ದಿ ಇರುವ ಮೇಲ್ ಮಾತ್ರ ಒಂದೂ ಇರಲಿಲ್ಲ. ಅಣ್ಣ ಫೋನ್ ಮಾಡಿ, "ಅಷ್ಟುದ್ದ ಬರೆದಿದ್ದೆ, ನೋಡಲೇ ಇಲ್ವೇನೇ?" ಎಂದ. ಲ್ಯಾಬಿನ ಮೇಡಂ, "ನಾವೆಲ್ಲ ಸೇರಿ ಒಂದು ಮೇಲ್ ಹಾಕಿದ್ವಲ್ಲ," ಎಂದರು. ಫೋನಿನಲ್ಲಿ ಅವನು ಸತ್ತಿದ್ದ. ಮೇಲ್‌ನಲ್ಲಿ ಇನ್ನೂ ಸತ್ತಿರಲಿಲ್ಲ.

ಗಡ್ಡ ಎಂದೇ ನಾವು ಕರೆಯುವ ಅವನ ಗೆಳೆಯನಿಗೆ ಫೋನ್ ಮಾಡಿದೆ. ಗಡ್ಡನೂ ತನ್ನ ಮನೆಯಲ್ಲಿ ಇಂಥದೇ ಸರ್ವರ್ ಇಟ್ಟುಕೊಂಡವನು. ಇಬ್ಬರೂ ಗಂಟೆಗಟ್ಟಲೆ ಅದರ ಬಗ್ಗೆಯೇ ಮಾತಾಡುತ್ತಿದ್ದರು.

"ತಲುಪೋಕೆ ಕಾಯ್ತಿರೋ ಮೇಲ್‌ಗಳ ಕ್ಯೂನಲ್ಲಿ ಏನಾದ್ರೂ ಸಿಕ್ಕಿಹಾಕಿಕೊಂಡಿದೆಯಾ ನೋಡಿ ಅತ್ತಿಗೆ."

"ಕ್ಯೂ ಖಾಲಿ."

"ಸ್ಪ್ಯಾಮ್, ಬೇಡದ ಮೇಲ್ ಬೀಳೋ ಪೆಟ್ಟಿಗೆ?"

"ಅದೂ ಖಾಲಿ. ಅದು ಯಾವತ್ತೂ ಖಾಲಿನೇ."

"ಮನುಷ್ಯರ ಸ್ಪ್ಯಾಮ್ ಯಾವತ್ತೂ ಖಾಲಿ ಇರಲ್ಲ. ನನಗೆ ದಿನಾ ಕೂದಲು ಬೆಳೆಸೋ ಎಣ್ಣೆಯವರು ಬರೀತಾರೆ. ಈ ಗಡ್ಡ ನೋಡಿದ್ರೆ ಅಂಗಡಿ ಮುಚ್ಚಿಕೊಂಡು ಹೋಗ್ತಾರೆ." ಕೂಡಲೇ, "ತಪ್ಪಾಯ್ತು ಅತ್ತಿಗೆ. ಅಭ್ಯಾಸ," ಎಂದ.

"ಪರವಾಗಿಲ್ಲ. ನೀನೇ ಒಳಗೆ ಹೋಗಿ ನೋಡೋಕಾಗುತ್ತಾ?"

"ಅವನು ಬಿಟ್ಟಿದ್ರೆ ತಾನೇ? ಹೊರಗಿಂದ ದೇವರು ಬಂದ್ರೂ ಒಳಗೆ ಬಿಡಲ್ಲ ಅಂತಿದ್ದ. ನೀವೇ ಕೀಬೋರ್ಡ್ ಮುಂದೆ ಕೂರಬೇಕು. ಒಂದು ಮಾತು, ಆಫ್ ಮಾಡಿ ಆನ್ ಮಾತ್ರ ಮಾಡಬೇಡಿ. ಆ ಡಿಸ್ಕ್ ಕೊನೆಯುಸಿರು ಎಳೀತಿದೆ. ಇನ್ನೊಂದು. ಬೇಡದ ಮೇಲ್‌ನೆಲ್ಲ ಭಾನುವಾರ ಬೆಳಿಗ್ಗೆ ಸರ್ವರ್ ತಾನೇ ಅಳಿಸಿಹಾಕುತ್ತೆ ಅಂತ ಅವನು ಒಮ್ಮೆ ಹೇಳಿದ ನೆನಪು. ಎಲ್ಲಿಂದ ಅಳಿಸುತ್ತೆ ಅಂತ ನನಗೆ ಗೊತ್ತಿಲ್ಲ. ಅಷ್ಟರೊಳಗೆ ಹುಡುಕಿ."

ಪಾಸ್‌ವರ್ಡ್ ನನಗೆ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಬೇರೆಯವರು ಒಡವೆ ಕೊಡುತ್ತಾರೆ, ಇವನು ಪಾಸ್‌ವರ್ಡ್ ಕೊಟ್ಟಿದ್ದ. ಕಪಾಟಿನ ಮುಂದೆ ಮೋಡ ಹಾಕಿಕೊಂಡು ಕುಳಿತೆ. ಮೋಡ ಎಂದರೆ ಅವನ ಬೂದು ಕಂಬಳಿ, ನಾವಿಟ್ಟ ಹೆಸರು. ಕಪಾಟಿನೊಳಗೆ ಬೆಚ್ಚಗಿತ್ತು. ಅವನ ಬೆನ್ನಿನ ಬಿಸಿಯಷ್ಟೇ.

ಬರುವ ಮೇಲ್‌ಗಳನ್ನು ಸೋಸಲು ಅವನು ಬರೆದಿದ್ದ ನಿಯಮಗಳ ಫಿಲ್ಟರ್ ಓದಿದೆ. ಅವನು ನನಗೆ ಎಷ್ಟೋ ಸಲ ವಿವರಿಸಿದ್ದನ್ನು ನಾನು ಹೂಂ ಹೂಂ ಎಂದು ಕೇಳಿದ್ದೆ. ಗುರುತಿಲ್ಲದವರು ಬರೆದರೆ ಆ ಮೇಲ್ 'ಜಗುಲಿ' ಎಂಬ ಪೆಟ್ಟಿಗೆಯಲ್ಲಿ ಕೂತು ಕಾಯಬೇಕು. ಅವನು ನೋಡಿ ಒಳಗೆ ಬಿಡಬೇಕು. ಒಂದೇ ರಿಯಾಯಿತಿ: ವಿಷಯದ ಸಾಲಿನಲ್ಲಿ ಅವನ ಹೆಸರಿದ್ದರೆ ನೇರವಾಗಿ ಒಳಗೆ. ಹೆಸರು ಹಿಡಿದು ಕರೆದವರು ಗೊತ್ತಿದ್ದವರೇ ಇರುತ್ತಾರೆ ಎಂಬುದು ಅವನ ಲೆಕ್ಕ.

ಜಗುಲಿಯನ್ನು ನೋಡಿದೆ. ಯಾರೋ ಟೈಲ್ಸ್ ಮಾರುವವರು ಕಾಯುತ್ತಿದ್ದರು. ಆ ಹಿರಿಯರು ಇರಲಿಲ್ಲ. ಜಗುಲಿಯ ನಿಯಮವನ್ನೇ ತೆಗೆದುಹಾಕಿ ಎಲ್ಲರನ್ನೂ ಒಳಗೆ ಬಿಟ್ಟೆ. ಟೈಲ್ಸ್‌ನವರು ಒಳಗೆ ಬಂದರು. ಅಷ್ಟೇ.

ಲ್ಯಾಬಿನಲ್ಲಿ ನೀರು ಕೆಟ್ಟಿದೆ ಎಂದು ದೂರು ಬಂದರೆ ನಾವು ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುತ್ತೇವೆ. ಹಾಗೇ ಮಾಡಿದೆ. ಕಚೇರಿಯ ಖಾತೆಯಿಂದ ನನಗೇ ಒಂದು ಮೇಲ್ ಕಳಿಸಿದೆ: 'ಪರೀಕ್ಷೆ'. ಬಂತು. 'ಸಾವು' ಎಂದು ಬರೆದೆ. ಬಂತು. 'ಸಂತಾಪ' ಎಂದು ಬರೆದೆ. ಅದೂ ಬಂತು. ನಂತರ ಅವನ ಹೆಸರು ಬರೆದೆ, ಬರೀ ಹೆಸರು.

ಬರಲಿಲ್ಲ.

ಮತ್ತೆ ಕಳಿಸಿದೆ. ಪಕ್ಕದ ಮನೆಯವರ ಹೆಸರು ಹಾಕಿ ಕಳಿಸಿದರೆ ಬಂತು. ನನ್ನ ಹೆಸರು ಬಂತು. ಅವನದು ಬರಲಿಲ್ಲ. ಒಳಗೆ ಬರುವ ರಹದಾರಿ ಎಂದು ಅವನೇ ಇಟ್ಟಿದ್ದ ಹೆಸರು. ಆ ಹೆಸರಿದ್ದದ್ದನ್ನೇ ಯಾರೋ ಆರಿಸಿ ಆರಿಸಿ ತೆಗೆದಿಡುತ್ತಿದ್ದರು. ಗೂಟದ ಮೇಲಿನ ಸ್ವೆಟರ್‌ಗೆ ಬೆನ್ನು ಮಾಡಿ ಕುಳಿತಿದ್ದೆ. ಒಮ್ಮೆ ತಿರುಗಿ ನೋಡಿದೆ.

ಶನಿವಾರ ಮಧ್ಯಾಹ್ನ ಗಡ್ಡ ಫೋನಿನಲ್ಲಿ ಸಿಕ್ಕ. ಅತ್ತೆ ಊಟ ಮುಗಿಸಿ ಕೋಣೆಯ ಬಾಗಿಲು ಹಾಕಿಕೊಂಡಿದ್ದರು. ಸೋಮವಾರದಿಂದ ಅದೇ ಅವರ ಅಭ್ಯಾಸವಾಗಿತ್ತು. ಬಿಸಿಲಿಗೆ ಪರದೆ ಎಳೆದಿದ್ದರಿಂದ ಮನೆಯೆಲ್ಲ ಕೊಳದ ತಳದ ಹಾಗಿತ್ತು.

"ಲಾಗ್ ತೆಗೆದು ಹಾಗೇ ಬಿಡಿ, ಓಡ್ತಾ ಇರಲಿ," ಎಂದ ಗಡ್ಡ. ಲಾಗ್ ಎಂದರೆ ಸರ್ವರ್ ತಾನು ಮಾಡಿದ್ದನ್ನೆಲ್ಲ ಸಾಲುಸಾಲಾಗಿ ಬರೆಯುತ್ತಾ ಹೋಗುವ ಕಡತ. "ಈಗ ಅವನ ಹೆಸರು ಹಾಕಿ ಒಂದು ಕಳಿಸಿ. ಏನು ಬರುತ್ತೆ ಓದಿ ಹೇಳಿ."

ಕಳಿಸಿದೆ. "ಬಂದಿದೆ ಅಂತಿದೆ. 'ಕಸ' ಅನ್ನೋ ಪೆಟ್ಟಿಗೇಲಿ ಇಟ್ಟಿದೆ ಅಂತಿದೆ."

"ಕಸ? ಯಾರ ಖಾತೆಯಲ್ಲಿ?"

"ಅವನ ಖಾತೆಯಲ್ಲಿ."

"ಅಯ್ಯೋ ಪುಣ್ಯಾತ್ಮ," ಎಂದ ಗಡ್ಡ. "ಮೂವರ ಕಸಕ್ಕೂ ಒಂದೇ ಬುಟ್ಟಿ ಇಟ್ಟಿದ್ದಾನೆ. ಅದಕ್ಕೇ ನಿಮ್ಮ ಸ್ಪ್ಯಾಮ್ ಪೆಟ್ಟಿಗೆ ಯಾವತ್ತೂ ಖಾಲಿ. ಕಸದ ತಪಾಸಣೆ ಜಗುಲಿಗಿಂತ ಮೊದಲೇ ಆಗುತ್ತೆ ಅತ್ತಿಗೆ. ಅಲ್ಲೇ ಹಿಡಿದ್ರೆ ಜಗುಲಿವರೆಗೂ ಬರೋದೇ ಇಲ್ಲ. ನೀವು ಎರಡನೇ ಬಾಗಿಲು ತೆಗೆದಿಟ್ಟು ಕಾಯ್ತಿದ್ರಿ."

ಆಗ ಇನ್ನೊಂದು ಸಾಲು ಬಂತು. ನಾನು ಏನನ್ನೂ ಮುಟ್ಟಿರಲಿಲ್ಲ.

"ಗಡ್ಡ, ಅದನ್ನ ಯಾರೋ ತೆಗೆದು ಓದಿದ್ರು ಅಂತಿದೆ. ಈಗ."

"ಯಾವ ಖಾತೆ?"

"ಅವನದೇ."

"ಎಲ್ಲಿಂದ?"

ಸಾಲಿನ ಕೊನೆಯಲ್ಲಿದ್ದ ಅಂಕಿಗಳನ್ನು ಓದಿ ಹೇಳಿದೆ. ಗಡ್ಡ ಇನ್ನೊಮ್ಮೆ ಓದಿಸಿದ.

"ಅದು ಮನೆ ಒಳಗಿಂದ, ಅತ್ತಿಗೆ," ಎಂದ.

ಅವನ ಖಾತೆ ಸದಾ ತೆರೆದಿರುತ್ತಿದ್ದ ಟ್ಯಾಬ್ಲೆಟ್ ಮೇಜಿನ ಮೇಲಿರಲಿಲ್ಲ. ಯಾವಾಗಿನಿಂದ ಇಲ್ಲವೋ, ನಾನು ಗಮನಿಸಿರಲಿಲ್ಲ. ಪಡಸಾಲೆಯಲ್ಲಿ ನಿಂತು ಕಿವಿಗೊಟ್ಟೆ. ಸರ್ವರ್ ಗುಂಯ್ ಎನ್ನುತ್ತಿತ್ತು. ಅದರ ಕೆಳಗೆ ಇನ್ನೊಂದು ಸದ್ದಿತ್ತು, ಬಹಳ ಸಣ್ಣದು. ಯಾರೋ ಒಂದೇ ದನಿಯಲ್ಲಿ ಅವನ ಹೆಸರು ಹೇಳುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ಮತ್ತೆ.

ಅತ್ತೆಯ ಕೋಣೆಯ ಬಾಗಿಲ ಕೆಳಗಿನಿಂದ ನೀಲಿ ಬೆಳಕು ನೆಲಕ್ಕೆ ಬಿದ್ದಿತ್ತು. ತಳ್ಳಿದೆ.

ಅತ್ತೆ ಮಂಚದ ಅಂಚಿನಲ್ಲಿ ನೆಟ್ಟಗೆ ಕುಳಿತಿದ್ದರು. ಟ್ಯಾಬ್ಲೆಟ್ ದಿಂಬಿಗೆ ಒರಗಿತ್ತು. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅಲ್ಲಿ ಲೈನ್ ಸೇರಿಸಲು ಕೂರುತ್ತಿದ್ದ ಹಾಗೆಯೇ ಕುಳಿತಿದ್ದರು. ತೆರೆಯ ಮೇಲಿನ ಮೇಲ್‌ಗಳನ್ನು ಒಂದೊಂದಾಗಿ ಮೆಲ್ಲಗೆ ಓದುತ್ತಿದ್ದರು.

"ಬಾ, ಕೂತ್ಕೋ," ಎಂದರು, ನಾನು ಬರುತ್ತೇನೆಂದು ಗೊತ್ತಿದ್ದವರ ಹಾಗೆ. "ನಿನ್ನದೂ ಬಂದಿದೆ. ನಾಲ್ಕು ಸಲ ಅವನ ಹೆಸರು ಬರೆದಿದ್ದೀಯ, ಮುಂದೆ ಏನೂ ಇಲ್ಲ. ಕರೆದ ಮೇಲೆ ಏನಾದ್ರೂ ಮಾತಾಡಬೇಕಲ್ಲವೇನೇ?"

"ಅತ್ತೆ, ಇದೆಲ್ಲ ಇಲ್ಲಿಗೆ ಹೇಗೆ ಬಂತು?"

"ಮೊದಮೊದಲು ನಾನೇ ಎಳೆದು ಹಾಕಿದ್ದು. ಸೋಮವಾರ ರಾತ್ರಿಯಿಂದ ಬರೋಕೆ ಶುರುವಾಯ್ತಲ್ಲ, ಎಲ್ಲದರಲ್ಲೂ ಅವನ ಹೆಸರು, ಮುಂದೆ 'ಇನ್ನಿಲ್ಲ'. ಮೂವರಿಗೂ ಸೇರಿ ಇರೋ ಮನೆ ವಿಳಾಸಕ್ಕೆ ಬಂದಿದ್ದು ಒಂದೇ ಪೆಟ್ಟಿಗೇಲಿ ಬೀಳುತ್ತೆ, ಎಲ್ಲರಿಗೂ ಕಾಣುತ್ತೆ. ನೀನು ನೋಡೋದು ಬೇಡ ಅಂತ ಕಸಕ್ಕೆ ತಳ್ಳಿದೆ. ಮಂಗಳವಾರ ಸಂಜೆ ಆಗೋಷ್ಟರಲ್ಲಿ ಅವೇ ಬಂದು ಬೀಳೋಕೆ ಶುರುವಾದ್ವು. ನಾನು ಮುಟ್ಟೋದೇ ಬೇಡ." ಅವರು ತೆರೆಯಿಂದ ಕಣ್ಣು ತೆಗೆಯಲಿಲ್ಲ. "ಅಮ್ಮನಿಗೆ ಸುಸ್ತಾಯ್ತು ಅಂತ ಅವನೇ ಎತ್ತಿಡ್ತಿದ್ದಾನೆ ಅಂದ್ಕೊಂಡೆ. ಅಂದ್ಕೊಂಡ್ರೆ ತಪ್ಪೇನು?"

ನನ್ನ ಕೈಯಲ್ಲಿದ್ದ ಫೋನಿನಲ್ಲಿ ಗಡ್ಡ ಇನ್ನೂ ಇದ್ದ. ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಸಣ್ಣ ದನಿಯಲ್ಲಿ ಹೇಳಿದ: "ನಾವು ಯಾವುದನ್ನ ಕಸಕ್ಕೆ ಎಳೀತೀವೋ ಅದನ್ನ ನೋಡಿ ಸರ್ವರ್ ಕಲಿಯುತ್ತೆ ಅತ್ತಿಗೆ. ಆ ಎಲ್ಲದರಲ್ಲೂ ಇದ್ದ ಒಂದೇ ಪದ ಅವನ ಹೆಸರು. ಒಬ್ಬರು ಕಲಿಸಿದ್ರೆ ಮೂವರಿಗೂ ಅನ್ವಯ. ಅಮ್ಮನೇ ಕಲಿಸಿದ್ದು. ಹೇಳಬೇಡಿ."

ನಾನು ಹೇಳಲಿಲ್ಲ. ಟ್ಯಾಬ್ಲೆಟ್ ತೆಗೆದುಕೊಂಡು ಮೇಲಕ್ಕೆ ಸರಿಸುತ್ತಾ ಹೋದೆ. ಅಣ್ಣ. ಮೇಡಂ. ಅವನ ಶಾಲೆಯ ಗೆಳೆಯರು. ಎಲ್ಲರೂ ಇಲ್ಲಿದ್ದರು. ಬುಧವಾರದ ಸಾಲಿನಲ್ಲಿ ಗುರುತಿಲ್ಲದ ಒಂದು ವಿಳಾಸ. ವಿಷಯ: ಅವನ ಹೆಸರು, ಬೇರೇನೂ ಇಲ್ಲ. ನಾನು ಕಳಿಸಿದ ಪರೀಕ್ಷೆಯ ಮೇಲ್‌ನಂತೆಯೇ.

'ಅಮ್ಮ, ಸ್ಟೇಷನ್ನಿನಲ್ಲಿ ಅವರ ಜೊತೆ ಇದ್ದವನು ನಾನು. ಸ್ಟೇಷನ್ ಹಿಂದಿನ ರಸ್ತೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದೇನೆ. ಬರೆಯುವುದಕ್ಕಿಂತ ಎದುರಿಗೆ ಹೇಳುವುದು ವಾಸಿ. ನಿಮಗೆ ಆದಾಗ ಬನ್ನಿ.'

ಓದದೇ ಇದ್ದ ಮೇಲ್‌ಗಳು ದಪ್ಪ ಅಕ್ಷರದಲ್ಲಿ ಕಾಣುತ್ತವೆ. ಇದು ತೆಳ್ಳಗಿತ್ತು.

"ಇದನ್ನ ಓದಿಯೂ ನನಗೆ ಹೇಳಲಿಲ್ವಲ್ಲ ಅತ್ತೆ."

ಅವರು ಕನ್ನಡಕ ಏರಿಸಿ ನೋಡಿದರು. "ಇದನ್ನ ನಾನು ಓದಿಲ್ಲ. ಗುರುತಿಲ್ಲದವರದ್ದು ನಾನು ತೆಗೆಯೋದೇ ಇಲ್ಲ. ತೆಗೆಯಬೇಡ ಅಂತ ಅವನೇ ಹೇಳಿಕೊಟ್ಟಿದ್ದು."

"ಮರೆತಿರಬಹುದು."

"ಮರೆಯೋಕೆ ನಾನೇನು ಮುದುಕಿನಾ?" ಎಂದರು ಅತ್ತೆ, ಎಪ್ಪತ್ತು ದಾಟಿದವರು. ಇನ್ನೊಂದು ದಿನವಾಗಿದ್ದರೆ ನಗು ಬರುತ್ತಿತ್ತು.

ನಾಳೆ ಬೆಳಿಗ್ಗೆ ಕಸ ಖಾಲಿಯಾಗುತ್ತದೆ ಎಂದು ಹೇಳಿದೆ. ಇವನ್ನೆಲ್ಲ ಹೊರಗೆ ಎಳೆದು ಹಾಕಿದರೆ ಉಳಿಯುತ್ತವೆ, ಆಮೇಲೆ ಬರುವವೂ ಸರಿಯಾಗಿ ಒಳಗೆ ಬರುತ್ತವೆ ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ. ಒಟ್ಟಿಗೆ ಎಳೆಯಲು ಹೋದ ನನ್ನ ಕೈಯನ್ನು ಸರಿಸಿ, "ನಾನೇ ಎಳೀತೀನಿ, ಬಿಡು. ಒಂದೊಂದೇ," ಎಂದರು.

ಅವರು ಒಂದೊಂದನ್ನು ಎಳೆದಂತೆ ನನ್ನ ಜೇಬಿನಲ್ಲಿ ಫೋನ್ ನಡುಗಿತು. ನಡುಗುತ್ತಲೇ ಇತ್ತು. ನಾನು ತೆಗೆದು ನೋಡಲಿಲ್ಲ. ಅವನು ನನ್ನ ಖಾತೆಯಲ್ಲೂ ಸತ್ತ.

ಸೋಮವಾರ ಸ್ವೆಟರನ್ನು ಗೂಟದಿಂದ ತೆಗೆದೆ. ಒಗೆಯಲಿಲ್ಲ. ಮಡಿಸಿದ ತೋಳುಗಳನ್ನು ಹಾಗೇ ಬಿಟ್ಟು, ಚೀಲದಲ್ಲಿ ಅಡ್ಡ ಮಲಗಿಸಿದೆ.

ಅಂಗಡಿ ಕಿರಿದು, ಒಬ್ಬರು ಎದ್ದರೆ ಇನ್ನೊಬ್ಬರು ಕೂರಬೇಕು. ಗೋಡೆಯ ಮೇಲೆ ಅಕ್ಷರಗಳು ಸಣ್ಣದಾಗುತ್ತಾ ಹೋಗುವ ಪಟ್ಟಿ. ಗಾಜಿನ ಕಪಾಟಿನ ತುಂಬ ಕಣ್ಣಿಲ್ಲದ ಕನ್ನಡಕಗಳು ನನ್ನತ್ತ ನೋಡುತ್ತಿದ್ದವು. ಕನ್ನಡಕದವರು ಎತ್ತರದ ಮನುಷ್ಯ, ಬಗ್ಗಿ ಬಗ್ಗಿ ಬೆನ್ನು ಬಾಗಿತ್ತು. ನನ್ನ ಕೈಯ ಚೀಲ ನೋಡಿಯೇ ಅವರಿಗೆ ತಿಳಿಯಿತು.

"ಕೂತ್ಕೊಳ್ಳಿ ಅಮ್ಮ. ಮೇಲ್ ತಲುಪ್ತಲ್ಲ. ಅವರು ಹೇಳಿದ ಹಾಗೇ ಮಾಡಿದೆ. 'ವಿಷಯದ ಸಾಲಲ್ಲಿ ಬರೀ ನನ್ನ ಹೆಸರು ಹಾಕಿ ಸಾರ್, ಇಲ್ಲಾಂದ್ರೆ ನಮ್ಮ ಸರ್ವರ್ ಒಳಗೆ ಬಿಡಲ್ಲ, ಬಹಳ ಬಿಗಿ ಮಾಡಿಟ್ಟಿದ್ದೀನಿ' ಅಂದ್ರು. ನಗ್ತಾ ಇದ್ರು."

"ನಗ್ತಿದ್ನಾ?"

"ನೋವೂ ಇತ್ತು. ಸುಳ್ಳು ಯಾಕೆ ಹೇಳಲಿ. ಆದರೂ ನಗ್ತಿದ್ರು." ಅವರು ಮೇಜಿನ ಮೇಲಿನ ಮಸೂರವೊಂದನ್ನು ಬಟ್ಟೆಯಿಂದ ಒರೆಸತೊಡಗಿದರು. "ಮೊದಲು ಬೆವರ್ತಿದ್ರು. ಆಮೇಲೆ ಚಳಿ ಅಂದ್ರು. 'ಸಾರ್, ನಿಮ್ಮ ಸ್ವೆಟರ್ ಒಂಚೂರು ಕೊಡ್ತೀರಾ, ನಾಳೆ ಇದೇ ಬೆಂಚಿಗೆ ತಂದುಕೊಡ್ತೀನಿ' ಅಂದ್ರು. ಹಾಕಿದೆ. ತೋಳು ಉದ್ದ ಆಯ್ತು. ನಾನು ಮಡಿಸೋಕೆ ಹೋದೆ. ಬೇಡ ಸಾರ್ ಅಂತ ಅವರೇ ಮಡಿಸಿಕೊಂಡ್ರು."

"ಬೇರೇನಾದ್ರೂ ಹೇಳಿದ್ನಾ?"

"ಡಿಸ್ಕ್ ಇನ್ನೂ ಸ್ವಲ್ಪ ದಿನ ಓಡುತ್ತೆ, ಮನೇಲಿ ಗಾಬರಿ ಬೇಡ ಅನ್ನಿ ಅಂದ್ರು. ಅದೇನು ಅಂತ ನನಗೆ ತಿಳೀಲಿಲ್ಲ. ಅವಳು ಗಾಬರಿ ಆಗಲ್ಲ, ಒಂದೊಂದೇ ನೋಡ್ತಾಳೆ ಅಂತಾನೂ ಅಂದ್ರು. ಆಮೇಲೆ ರೈಲು ಬಂತು, ಗದ್ದಲ. ಕೇಳಿಸ್ಲಿಲ್ಲ ಅಮ್ಮ. ಅದಾದ ಮೇಲೆ ಏನಿತ್ತೋ, ನನಗೆ ಕೇಳಿಸ್ಲಿಲ್ಲ."

ಹೊರಗೆ ಒಂದು ರೈಲು ಹೋಯಿತು. ಕಪಾಟಿನ ಕನ್ನಡಕಗಳು ಸಣ್ಣಗೆ ನಡುಗಿದವು.

"ತಡವಾಗಿ ಬಂದೆ," ಎಂದೆ. "ನಿಮ್ಮ ಮೇಲ್ ನನಗೆ ಸಿಕ್ಕಿದ್ದೇ ಶನಿವಾರ."

ಅವರು ಮಸೂರ ಕೆಳಗಿಟ್ಟರು. "ಶನಿವಾರ? ನಾನು ಕಳಿಸಿದ್ದು ಬುಧವಾರ ಬೆಳಿಗ್ಗೆ, ಅಂಗಡಿ ತೆಗೆದ ಕೂಡಲೇ. ಓದಿದ್ರೆ ತಿಳಿಸಿ ಅಂತ ಒಂದು ಗುರುತು ಹಾಕೋಕೆ ಬರುತ್ತಲ್ಲ, ಅದನ್ನೂ ಹಾಕಿದ್ದೆ. ಓದಿದ್ದಾರೆ ಅಂತ ಆ ಕ್ಷಣಕ್ಕೇ ಬಂತು. ಅದಕ್ಕೇ ನಾನು ಮತ್ತೆ ಬರೀಲಿಲ್ಲ."

ಬುಧವಾರ ಬೆಳಿಗ್ಗೆ ನಾವೆಲ್ಲ ಅವನ ಜೊತೆಗೇ ಇದ್ದೆವು. ಅತ್ತೆ ನನ್ನ ತೋಳು ಹಿಡಿದುಕೊಂಡು ನಿಂತಿದ್ದರು. ಮನೆಗೆ ಬೀಗ ಹಾಕಿತ್ತು. ಟ್ಯಾಬ್ಲೆಟ್ ಮನೆಯೊಳಗಿತ್ತು.

"ಹೌದಾ," ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ನಾನು ಚೀಲದಿಂದ ಸ್ವೆಟರ್ ತೆಗೆದು ಎರಡೂ ಕೈಯಲ್ಲಿ ಕೊಟ್ಟೆ.

"ಇದಕ್ಕೋಸ್ಕರ ನಾನು ಬರೆದದ್ದಲ್ಲ. ಇಟ್ಟುಕೊಳ್ಳಿ ಬೇಕಾದ್ರೆ."

"ತಂದುಕೊಡ್ತೀನಿ ಅಂದಿದ್ನಲ್ಲ."

ಅವರು ಎದ್ದು ಅದನ್ನು ತೊಟ್ಟುಕೊಂಡರು. ಮಡಿಸಿದ ತೋಳುಗಳು ಮೊಣಕೈಯ ಹತ್ತಿರವೇ ನಿಂತವು. ಬಿಚ್ಚಲು ಬೆರಳು ಹಾಕಿ, ಹಾಗೇ ತಡೆದು, ನನ್ನ ಕಡೆ ನೋಡಿದರು.

"ಬಿಚ್ಚಿ ಸಾರ್," ಎಂದೆ.

ಅವರು ಮೊದಲು ಬಲ ತೋಳಿನ ಒಂದು ಸುತ್ತು ಬಿಚ್ಚಿದರು. ನಂತರ ಇನ್ನೊಂದು.